ಹೈಫಾದಲ್ಲಿ ಮೈಸೂರು ಕುದುರೆಗಳ ಜಾಡು ಹಿಡಿದು

ಇಸ್ರೇಲಿನ ಬಂದರು ಊರು ಹೈಫಾಕ್ಕೆ ಹೋಗಿದ್ದು ಮೈಸೂರು ಲ್ಯಾನ್ಸರ್ಸ್ ನೆಪದಲ್ಲಿ. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರ ಪರವಾಗಿ ತುರ್ಕರ ವಿರುದ್ಧ ಹೋರಾಡಿದ ಮೈಸೂರು ಸಂಸ್ಥಾನದ ಕುದುರೆ ಪಡೆ ಅದು. ಬೆಂಗಳೂರಿನ ಜೆ.ಸಿ. ನಗರದಲ್ಲಿರುವ ಅವರ ಸ್ಮಾರಕದ ಹತ್ತಿರ ವರ್ಷಗಟ್ಟಲೆ ಬಸ್ಸಿನಲ್ಲಿ ಓಡಾಡಿದ್ದೆ, ಒಮ್ಮೆಯೂ ಇಳಿದು ನೋಡಿರಲಿಲ್ಲ.

ಟೆಲ್ ಅವೀವ್‌ನಿಂದ ರೈಲಿನಲ್ಲಿ ಒಂದು ಗಂಟೆ. ಎಡಗಡೆ ಸಮುದ್ರ, ಬಲಗಡೆ ಬಲೆ ಹೊದಿಸಿದ ಬಾಳೆತೋಟ. ಆಮೇಲೆ ಕಾರ್ಮೆಲ್ ಬೆಟ್ಟ.

ಜಾಫಾ ರಸ್ತೆಯಲ್ಲಿರುವ ಭಾರತೀಯ ಸೈನಿಕರ ಸ್ಮಶಾನ ಚಿಕ್ಕದು. 1918ರ ಸೆಪ್ಟೆಂಬರ್ 23ರಂದು ಜೋಧಪುರದ ಸವಾರರು ಕೆಳಗಿನಿಂದ ಊರೊಳಕ್ಕೆ ನುಗ್ಗಿದರೆ, ಮೈಸೂರಿನವರು ಬೆಟ್ಟದ ಮಗ್ಗುಲಿನಿಂದ ತುರ್ಕರ ಫಿರಂಗಿಗಳ ಮೇಲೆ ಬಿದ್ದರು. ಕೈಯಲ್ಲಿ ಭರ್ಜಿ, ಎದುರಿಗೆ ಮೆಷಿನ್‌ಗನ್. ಆ ಏರನ್ನು ನಾನು ನಡೆದೇ ಹತ್ತಲು ಹೋಗಿ ಅರ್ಧಕ್ಕೇ ಕೂತೆ. ಕುದುರೆ ಹೇಗೆ ಹತ್ತಿತೋ!

ನಮ್ಮಲ್ಲಿ ಈ ಕತೆ ಹೇಳುವವರು ಇಲ್ಲಿಗೇ ನಿಲ್ಲಿಸುತ್ತಾರೆ. ನಿಲ್ಲಿಸದಿದ್ದರೆ ಹೆಮ್ಮೆಗೆ ಸ್ವಲ್ಪ ಕಸಿವಿಸಿಯೂ ಸೇರುತ್ತದೆ. ಅಷ್ಟರಲ್ಲಾಗಲೇ ಬ್ರಿಟಿಷರು ಮೆಕ್ಕಾದ ಷರೀಫ್ ಹುಸೇನ್‌ಗೆ ಅರಬ್ ಸ್ವಾತಂತ್ರ್ಯದ ಆಸೆ ತೋರಿಸಿದ್ದರು (ಅದರಲ್ಲಿ ಹೈಫಾ ಇರುವ ಪ್ಯಾಲೆಸ್ಟೈನ್ ಸೇರಿರಲಿಲ್ಲ ಅಂತ ಆಮೇಲೆ ವಾದಿಸಿದರು). 1916ರಲ್ಲಿ ತುರ್ಕರ ಕೈಲಿದ್ದ ಅರಬ್ ಸೀಮೆಯನ್ನು ಫ್ರೆಂಚರ ಜೊತೆ ಗುಟ್ಟಾಗಿ ಪಾಲು ಮಾಡಿಕೊಂಡಿದ್ದರು. 1917ರ ನವೆಂಬರ್ 2ರಂದು ವಿದೇಶಾಂಗ ಮಂತ್ರಿ ಬಾಲ್ಫೋರ್ ಬರೆದ ಪತ್ರದಲ್ಲಿ ಯಹೂದಿಗಳಿಗೆ ಪ್ಯಾಲೆಸ್ಟೈನಿನಲ್ಲೊಂದು ನೆಲೆ ಒದಗಿಸುವ ಮಾತು ಕೊಟ್ಟಿದ್ದರು. ಒಂದೇ ಸೈಟಿಗೆ ಮೂರು ಅಗ್ರಿಮೆಂಟ್. ಬೀಗ ಒಡೆಯಲು ಹೋದವರಲ್ಲಿ ನಮ್ಮ ಸವಾರರೂ ಇದ್ದರು.

ಬೆಟ್ಟದ ಬುಡದಲ್ಲಿ, ಯುದ್ಧದ ನಂತರದ ಬ್ರಿಟಿಷ್ ಆಳ್ವಿಕೆಯಲ್ಲಿ ಕಳ್ಳದಾರಿಯಲ್ಲಿ ಬಂದ ಯಹೂದಿ ವಲಸಿಗರ ಮ್ಯೂಸಿಯಂ ಇದೆ. ಅಂಥವರದೇ ಹಡಗು 'ಎಕ್ಸೋಡಸ್'. ನಾಜಿಗಳ ಕೈಯಿಂದ ಬದುಕುಳಿದವರೂ ಸೇರಿ ಸುಮಾರು 4,500 ಜನರಿದ್ದ ಅದನ್ನು 1947ರ ಜುಲೈನಲ್ಲಿ ಬ್ರಿಟಿಷರು ಹಿಡಿದು ಇದೇ ಬಂದರಿಗೆ ತಂದರು. ಬೇರೆ ಹಡಗುಗಳಿಗೆ ಹತ್ತಿಸಿ ಕೊನೆಗೆ ಕಳಿಸಿದ್ದು ಎಲ್ಲಿಗೆ? ಜರ್ಮನಿಗೆ! ಅದೇ ನವೆಂಬರ್ 29ಕ್ಕೆ ವಿಶ್ವಸಂಸ್ಥೆ 33–13 ಮತಗಳಿಂದ ಪ್ಯಾಲೆಸ್ಟೈನನ್ನು ಯಹೂದಿಗಳಿಗೂ ಅರಬರಿಗೂ ವಿಭಜಿಸಲು ಒಪ್ಪಿತು. ವಿರೋಧಿಸಿದ ಆ ಹದಿಮೂರರಲ್ಲಿ ಭಾರತವೂ ಒಂದು.

ಮುಂದಿನದು ಅರ್ಥವಾಗಬೇಕಾದರೆ ಹೈಫಾದ ಮೆಟ್ಟಿಲುಗಳ ಮೇಲೆ ನಿಲ್ಲಬೇಕು. ಮೇಲೆ ಯಹೂದಿಗಳ ಹದಾರ್ ಬಡಾವಣೆ, ಕೆಳಗೆ ಅರಬರ ಹಳೇ ಪೇಟೆ, ಅದರ ಕೆಳಗೆ ಬಂದರು. 1948ರ ಏಪ್ರಿಲ್ 21ರಂದು ಬ್ರಿಟಿಷ್ ಕಮಾಂಡರ್ ಸ್ಟಾಕ್‌ವೆಲ್ ನಡುವಿದ್ದ ಪಡೆಗಳನ್ನು ವಾಪಸು ಕರೆಸಿಕೊಂಡ. ಮೇಲಿನಿಂದ ಯಹೂದಿಗಳ ಸಶಸ್ತ್ರ ಪಡೆ ಹಗಾನಾ ಇಳಿಯಿತು. ಮರುದಿನದ ಹೊತ್ತಿಗೆ ಎಲ್ಲ ಮುಗಿದಿತ್ತು. ಯಹೂದಿ ಮೇಯರ್ ಶಬ್ತಾಯ್ ಲೆವಿ "ಹೋಗಬೇಡಿ" ಅಂತ ಅಂಗಲಾಚಿದ್ದೂ ನಿಜ, ಪೇಟೆಯ ಮೇಲೆ ಮಾರ್ಟರ್ ಗುಂಡು ಬಿದ್ದದ್ದೂ ನಿಜ. 60 ಸಾವಿರಕ್ಕೂ ಹೆಚ್ಚಿದ್ದ ಅರಬರಲ್ಲಿ ಉಳಿದವರು ಕೆಲವೇ ಸಾವಿರ. ಇಸ್ರೇಲ್ ಘೋಷಣೆಯಾದದ್ದು ಮೇ 14ಕ್ಕೆ, ಅರಬ್ ದೇಶಗಳ ಸೈನ್ಯಗಳು ಗಡಿ ದಾಟಿದ್ದು ಅದರ ಮಾರನೇ ದಿನ. ನಾವು ಶಾಲೆಯಲ್ಲಿ ಓದಿದ 'ಮೊದಲ ಅರಬ್–ಇಸ್ರೇಲ್ ಯುದ್ಧ' ಶುರುವಾಗುವ ಮೂರು ವಾರ ಮೊದಲೇ ಹೈಫಾ ಖಾಲಿಯಾಗಿತ್ತು.

ವಾದಿ ಸಲೀಬ್ ಎಂಬ ಕೇರಿಯಲ್ಲಿ ಅರಬರು ಬಿಟ್ಟುಹೋದ ಕಲ್ಲುಮನೆಗಳು ಕೆಲವು ಇನ್ನೂ ಇವೆ, ಕಮಾನು ಕಿಟಕಿಗಳಿಗೆ ಸಿಮೆಂಟ್ ಇಟ್ಟಿಗೆ ತುಂಬಿದ್ದಾರೆ. ಅರಬರು ಹೋದ ಮೇಲೆ ಇಲ್ಲಿ ಮೊರಾಕ್ಕೊದ ಬಡ ಯಹೂದಿಗಳನ್ನು ತುಂಬಿದರು. 1959ರಲ್ಲಿ ತಾರತಮ್ಯದ ವಿರುದ್ಧ ಅವರೂ ಬೀದಿಗಿಳಿದರು.

ಊರಲ್ಲಿ ಉಳಿದ ಅರಬರನ್ನು ಒಟ್ಟುಮಾಡಿದ್ದು ವಾದಿ ನಿಸ್ನಾಸ್ ಎಂಬ ಇನ್ನೊಂದು ಕೇರಿಯಲ್ಲಿ. ಮಧ್ಯಾಹ್ನ ಅಲ್ಲೊಂದು ಫಲಾಫಲ್ (ಕಡಲೆಕಾಳಿನ ವಡೆ) ಅಂಗಡಿಗೆ ಹೋದೆ. ಅಂಗಡಿಯ ಹಿರಿಯರಿಗೆ ಇಂಗ್ಲಿಷ್ ಚೆನ್ನಾಗಿ ಬರುತ್ತಿತ್ತು. ಅವರ ತಂದೆ ಊರು ಬಿಡಲಿಲ್ಲವಂತೆ, ಆದರೂ ಮನೆ ಹೋಯಿತು. ಇಸ್ರೇಲಿನ 1950ರ ಕಾನೂನಿನಲ್ಲಿ ಇಂಥವರು ಊರಲ್ಲೇ ಇದ್ದರೂ ಆಸ್ತಿಯ ಲೆಕ್ಕಕ್ಕೆ ಗೈರುಹಾಜರು.

"ಮನೆ ಎಲ್ಲಿತ್ತು?"

ಬಾಣಲೆಯಿಂದ ಜಾಲರಿ ಎತ್ತಿ ಬೆಟ್ಟದ ಕಡೆ ತೋರಿಸಿದರು. "ಹತ್ತು ನಿಮಿಷದ ದಾರಿ."

"ಈಗ ಅಲ್ಲಿ ಯಾರಿದ್ದಾರೆ?"

"ಯಾರೋ ವಕೀಲರ ಆಫೀಸು," ಅಂದು ನನ್ನ ತಟ್ಟೆಗೆ ಇನ್ನೆರಡು ಹಾಕಿದರು. ಅದಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ.