ಗೋದಲಿಯ ಒಣಹುಲ್ಲು

ಕ್ರಿಸ್ಮಸ್ಸಿಗಾಗಿ ಕಾಯುವ ಆಗಮನ ಕಾಲದ ನಾಲ್ಕು ಭಾನುವಾರಗಳಲ್ಲೂ ಚರ್ಚಿನ ಪೂಜೆಯಲ್ಲಿ ದೇವರನ್ನು ಹೊಗಳುವ ಮಹಿಮಾಗೀತೆ ಇರುವುದಿಲ್ಲ. ನೇರಳೆ ವಸ್ತ್ರ, ವಾರಕ್ಕೊಂದು ಮೇಣದಬತ್ತಿ, ಕಾಯುವುದು, ಅಷ್ಟೇ. ಡಿಸೆಂಬರ್ 24ರ ರಾತ್ರಿ ಗುರುಗಳು ಆ ಗೀತೆಯ ಮೊದಲ ಸಾಲು ಎತ್ತಿಕೊಂಡದ್ದೇ ತಡ, ಗಂಟೆಗಳೆಲ್ಲ ಒಟ್ಟಿಗೇ ಮೊಳಗುತ್ತವೆ. ಈ ಸಲ ಆ ಸದ್ದಿಗೆ ನನ್ನ ಕಣ್ಣು ತುಂಬಿ ಬಂತು. ಮಗಳು ಕೈ ಜಗ್ಗಿ "ಏನಾಯ್ತಮ್ಮ?" ಎಂದಳು. ಏನೂ ಆಗಿರಲಿಲ್ಲ. ಮನೆಮಂದಿಯೆಲ್ಲ ಒಂದೇ ಬೆಂಚಿನಲ್ಲಿ ಒತ್ತಿಕೊಂಡು ಕೂತಿದ್ದೆವು, ಬಾಲಯೇಸುವಿನ ಬೊಂಬೆಯನ್ನು ಮಲಗಿಸುವ ಗೋದಲಿಯ ಕಡೆಯಿಂದ ಒಣಹುಲ್ಲಿನ ವಾಸನೆ ಬರುತ್ತಿತ್ತು.

ಆ ವಾಸನೆ ಬಂತೆಂದರೆ ನನಗೆ ಅಜ್ಜಿ ಬಂದ ಹಾಗೆ. ಆಗಮನ ಕಾಲ ಶುರುವಾದ ದಿನವೇ ಅವರು ಮನೆಯಲ್ಲಿ ಖಾಲಿ ಗೋದಲಿ ಇಟ್ಟು, ಪಕ್ಕದಲ್ಲಿ ಒಂದು ಹಿಡಿ ಹುಲ್ಲು ಇಡುತ್ತಿದ್ದರು. ಯಾರಿಗಾದರೂ ಉಪಕಾರ ಮಾಡಿದ ದಿನ, ಬಾಯಿಗೆ ಬಂದ ಕೆಟ್ಟ ಮಾತು ನುಂಗಿಕೊಂಡ ದಿನ ಮಕ್ಕಳು ಒಂದು ಎಳೆ ಹಾಕಬೇಕು. ಆದರೆ ಎಳೆಯನ್ನು ಹಾಗೇ ಹಾಕುವಂತಿಲ್ಲ. ಅಜ್ಜಿ ಅದನ್ನು ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಹಿಡಿದು ನಿಧಾನಕ್ಕೆ ಎಳೆಯುತ್ತಿದ್ದರು. ಗಿಣ್ಣು ಸಿಕ್ಕಿದಲ್ಲಿ ಉಗುರಿನಿಂದ ಮುರಿದು ತೆಗೆಯುತ್ತಿದ್ದರು. "ಮಗುವಿಗೆ ಚುಚ್ಚಬಾರದಲ್ಲ" ಎನ್ನುವರು. ಮಲಗುವವನು ಮಣ್ಣಿನ ಬೊಂಬೆ ಎಂಬುದು ಅವರಿಗೆ ಗೊತ್ತಿಲ್ಲದೆ ಏನಿಲ್ಲ. ಆ ಬೆರಳುಗಳ ಜಪವನ್ನು ನೋಡಿಯೇ ನಾನು ಪ್ರಾರ್ಥನೆ ಕಲಿತದ್ದು.

ಎತ್ತು, ಕತ್ತೆಯನ್ನು ಹಿಂದಕ್ಕೆ ಸರಿಸಿದರೆ ಅವರು ಒಪ್ಪುತ್ತಿರಲಿಲ್ಲ. ಯೇಸುವಿನ ಜನನದ ಕಥೆ ಹೇಳುವ ಲೂಕನ ಶುಭಸಂದೇಶದಲ್ಲಿ ಅವುಗಳ ಪ್ರಸ್ತಾಪವೇ ಇಲ್ಲ, ನಿಜ. ಅವು ಬಂದದ್ದು ಪ್ರವಾದಿ ಯೆಶಾಯನ ಗ್ರಂಥದ ಮೊದಲ ಅಧ್ಯಾಯದಿಂದ: ಎತ್ತಿಗೆ ತನ್ನ ಒಡೆಯ ಗೊತ್ತು, ಕತ್ತೆಗೆ ಯಜಮಾನನ ಗೋದಲಿ ಗೊತ್ತು, ನನ್ನ ಜನಕ್ಕೇ ತಿಳಿಯದು ಎಂದು ದೇವರು ನೊಂದುಕೊಳ್ಳುವ ಜಾಗ. ಗುರುತು ಹಿಡಿದವರು ಮುಂದೆ ಇರಬೇಕು ಎಂಬುದು ಅಜ್ಜಿಯ ನ್ಯಾಯ.

ನಮ್ಮದು ಸಣ್ಣ ಊರು. ಅಸ್ಸೀಸಿಯ ಸಂತ ಫ್ರಾನ್ಸಿಸರು 1223ರ ಕ್ರಿಸ್ಮಸ್ ರಾತ್ರಿ ಗೋದಲಿ ಸಿದ್ಧಮಾಡಿಸಿದ್ದೂ ಮಹಾನಗರದಲ್ಲಲ್ಲ, ಇಟಲಿಯ ಗ್ರೆಚ್ಚೊ ಎಂಬ ಸಣ್ಣ ಊರಿನಲ್ಲಿ. ಹುಲ್ಲು ತರಿಸಿದರು, ಜೀವಂತ ಎತ್ತು, ಕತ್ತೆ ಕರೆಸಿದರು. ಸುತ್ತಲಿನ ಜನ ದೀವಟಿಗೆ ಹಿಡಿದು ಬಂದರು. ಗೋದಲಿಯ ಬಳಿಯಲ್ಲೇ ಪೂಜೆ ನಡೆಯಿತು, ಫ್ರಾನ್ಸಿಸರು ಶುಭಸಂದೇಶ ಹಾಡಿದರು. ಆ ಹುಲ್ಲನ್ನು ಜನ ಎತ್ತಿಟ್ಟುಕೊಂಡು ಕಾಯಿಲೆ ಬಿದ್ದ ದನಗಳಿಗೆ ತಿನ್ನಿಸಿದರು, ಅವು ಗುಣವಾದವು ಎಂದು ಫ್ರಾನ್ಸಿಸರ ಮೊದಲ ಚರಿತ್ರೆಕಾರ ಬರೆದಿಟ್ಟಿದ್ದಾರೆ. ನಾನು ಅದನ್ನು ನಂಬುತ್ತೇನೆ.

ಯೇಸು ಹುಟ್ಟಿದ ಬೆತ್ಲೆಹೇಮ್ ಆದರೂ ಏನು, ಯೆಹೂದದ ಕುಲಗಳಲ್ಲಿ ಲೆಕ್ಕಕ್ಕೆ ಬಾರದಷ್ಟು ಚಿಕ್ಕದು ಎಂದು ಪ್ರವಾದಿ ಮೀಕನೇ ಹೇಳುತ್ತಾನೆ. ಹಾಗಾಗಿ ಸಣ್ಣ ಊರಿನ ಕ್ರಿಸ್ಮಸ್ಸಿನಲ್ಲಿ ಏನೋ ಕೊರತೆ ಇದೆ ಎಂದು ನನಗೆ ಎಂದೂ ಅನ್ನಿಸಿಲ್ಲ. ಮಕ್ಕಳೇ ಕಡಿಮೆ, ಆದ್ದರಿಂದ ನಾಟಕದಲ್ಲಿ ಪಾತ್ರ ಸಿಗದ ಮಗುವೇ ಇಲ್ಲ. ನನ್ನ ಮಗ ಕುರುಬನಾದ, ಮಗಳು ಕುರಿಮರಿಯಾದಳು. ಚರ್ಚಿನ ಮೆಟ್ಟಿಲು ಹತ್ತದ ನೆರೆಹೊರೆಯವರೂ ಆ ರಾತ್ರಿ ಬಂದು, ಚಪ್ಪಲಿ ಬಿಟ್ಟು, ಗೋದಲಿಗೆ ಕೈಮುಗಿದು ಹೋದರು.

ಪೂಜೆಯಲ್ಲಿ ಎಲ್ಲರೂ ಒಟ್ಟಿಗೆ ಹೇಳುವ ವಿಶ್ವಾಸಸಂಗ್ರಹದಲ್ಲಿ ದೇವರ ಪುತ್ರ ಮನುಷ್ಯನಾದ ಎಂಬ ಮಾತು ಬಂದಾಗ ಬೇರೆ ದಿನ ತಲೆಬಾಗುತ್ತೇವೆ. ಮೊಣಕಾಲೂರುವುದು ವರ್ಷಕ್ಕೆ ಎರಡೇ ಹಬ್ಬಗಳಲ್ಲಿ, ಯೇಸು ಹುಟ್ಟುವ ಸುದ್ದಿಯನ್ನು ದೇವದೂತ ಮರಿಯಳಿಗೆ ತಂದ ಮಾರ್ಚ್ 25ರ ಮಂಗಳವಾರ್ತೆಯಂದು ಮತ್ತು ಕ್ರಿಸ್ಮಸ್ಸಿಗೆ. ನಡುವೆ ಸರಿಯಾಗಿ ಒಂಬತ್ತು ತಿಂಗಳು. ಅಜ್ಜಿ ಮಂಡಿನೋವಿನಲ್ಲೂ ಬೆಂಚು ಹಿಡಿದು ಇಳಿಯುತ್ತಿದ್ದರು. ಈಗ ಆ ಸಾಲು ಬಂದದ್ದು ಎಷ್ಟೋ ಜನರಿಗೆ ಗೊತ್ತೇ ಆಗುವುದಿಲ್ಲ. ಮಗುವನ್ನು ಗೋದಲಿಗೆ ತರುವಾಗ ಕೈಮುಗಿಯುವ ಬದಲು ಮೊಬೈಲ್ ಎತ್ತುತ್ತೇವೆ. ನೋಡಬೇಕಾದದ್ದನ್ನು ಆಮೇಲೆ ನೋಡೋಣವೆಂದು ಇಟ್ಟುಕೊಂಡರೆ, ಆ ಆಮೇಲೆ ಬರುವುದು ಯಾವಾಗ?

ಇನ್ನೊಂದು ಸಂಕಟ, 26ರ ಬೆಳಿಗ್ಗೆಯೇ ನಕ್ಷತ್ರ ಇಳಿಸಿ ಗೋದಲಿ ಕಟ್ಟಿಡುವ ಅವಸರ. ಕ್ರಿಸ್ಮಸ್ ಕಾಲ ಶುರುವಾಗುವುದೇ 24ರ ಸಂಜೆ, ಅದು ಸಾಗುವುದು ಜನವರಿಯಲ್ಲಿ ಬರುವ ಪ್ರಭುವಿನ ದೀಕ್ಷಾಸ್ನಾನದ ಹಬ್ಬದವರೆಗೆ. ನಾಲ್ಕು ವಾರ ಕಾದು ಕರೆಸಿಕೊಂಡ ಕೂಸನ್ನು ಮರುದಿನವೇ ಪೆಟ್ಟಿಗೆಗೆ ಹಾಕುವುದುಂಟೇ?

ನಮ್ಮ ಮನೆಯಲ್ಲಿ, ನಕ್ಷತ್ರದ ಜಾಡು ಹಿಡಿದು ಕೂಸನ್ನು ಕಾಣಲು ಹೊರಟ ಮೂವರು ಜ್ಞಾನಿಗಳ ಬೊಂಬೆಗಳು ಇನ್ನೂ ದಾರಿಯಲ್ಲಿವೆ. ಕಿಟಕಿಯ ಬಳಿ ಹೊರಟವರನ್ನು ಮಕ್ಕಳು ರಾತ್ರಿ ಪ್ರಾರ್ಥನೆ ಮುಗಿದ ಮೇಲೆ ದಿನಕ್ಕೊಂದು ಗೇಣು ಮುಂದೆ ಸರಿಸುತ್ತಾರೆ. ಅವರ ಹಬ್ಬ ಜನವರಿ 6ಕ್ಕೆ ಗೋದಲಿ ಮುಟ್ಟಬೇಕು. ಕೊನೆಯ ಗೇಣು ಯಾರದೆಂದು ಅಣ್ಣ ತಂಗಿಯರಲ್ಲಿ ಈಗಲೇ ಜಗಳ. ಇಬ್ಬರೂ ಒಟ್ಟಿಗೆ ಸರಿಸಿ ಎಂದಿದ್ದೇನೆ.