ಲ್ಯಾಪ್‌ಟಾಪ್ ಮಾರಿದ ಮೇಲೆ

ತಮ್ಮನ ಹಳೇ ಲ್ಯಾಪ್‌ಟಾಪ್ ಮಾರೋಕೆ ಆನ್‌ಲೈನ್‌ನಲ್ಲಿ ಹಾಕಿದ್ದೆ. ಮೊದಲು ಫೋನ್ ಮಾಡಿದವನು ನೋಡದೆಯೇ ಒಪ್ಪಿಕೊಂಡ. "ಕ್ಯೂಆರ್ ಕಳಿಸಿದ್ದೇನೆ, ಸ್ಕ್ಯಾನ್ ಮಾಡಿ ಪಿನ್ ಹಾಕಿ, ದುಡ್ಡು ಬರುತ್ತೆ" ಅಂದ. ದುಡ್ಡು ಬರೋಕೆ ಪಿನ್ ಬೇಕಾಗಿಲ್ಲ, ಪಿನ್ ಹಾಕಿದರೆ ನಮ್ಮ ದುಡ್ಡೇ ಹೋಗೋದು. ಫೋನ್ ಇಟ್ಟುಬಿಟ್ಟೆ. ಹೀಗೆ ಯಾರಾದರೂ ಕಳೆದುಕೊಂಡಿದ್ದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಎರಡನೆಯವರು ನಮ್ಮ ಕಲಬುರಗಿಯವರೇ. ಜಗತ್ ಸರ್ಕಲ್ ಹತ್ತಿರ ಚಹಾ ಅಂಗಡಿಯಲ್ಲಿ ಕೂತು ಅರ್ಧ ಗಂಟೆ ನೋಡಿದರು, ದುಡ್ಡು ಕೊಟ್ಟು ಒಯ್ದರು. ಮೂರನೇ ದಿನ "ಭಾಳ ಸ್ಲೋ ಅದರೀ, ವಾಪಸ್ ತಗೊಳ್ರಿ" ಅಂತ ಬಂದರು. ಆನ್ ಮಾಡಿದೆ. ಲ್ಯಾಪ್‌ಟಾಪ್ ಚುರುಕಾಗಿ ಓಡೋಕೆ ಬೇಕಾದ ಮೆಮೊರಿ, ಅಂದರೆ 8 ಜಿಬಿ ಇದ್ದ ರ‍್ಯಾಮ್ 4 ಆಗಿತ್ತು. ಹಿಂಬದಿಯಲ್ಲಿ ಒಂದು ಸ್ಕ್ರೂ ಮಾತ್ರ ಹೊಸದು, ಪಳಪಳ ಹೊಳೆಯುತ್ತಿತ್ತು. ಕೊಡುವ ಮುಂಚೆ ಸೀರಿಯಲ್ ನಂಬರ್, ರ‍್ಯಾಮ್ ಎಲ್ಲಾ ವಿಡಿಯೋ ಮಾಡಿಟ್ಟಿದ್ದೆ. ಅದನ್ನೇ ತೋರಿಸಿದೆ. ಮಾತಾಡದೆ ಎತ್ತಿಕೊಂಡು ಹೋದರು.

ದುಡ್ಡು ಉಳಿಯಿತು, ಬೇಜಾರು ಮಾತ್ರ ಹೋಗಿಲ್ಲ. ಅವರು ತಮ್ಮ ಮಗಳ ಕಾಲೇಜಿಗೆ ಅಂದಿದ್ದಕ್ಕೆ ಐನೂರು ಕಡಿಮೆ ಮಾಡಿ, ಬ್ಯಾಗೂ ಸುಮ್ನೆ ಕೊಟ್ಟಿದ್ದೆ. ಆ ಹುಡುಗಿಗೆ ಇದೆಲ್ಲ ಗೊತ್ತೇ ಇರಲಿಕ್ಕಿಲ್ಲ ಅಲ್ವಾ? ಈಗ ಮನೆಯಲ್ಲಿ ಒಂದು ಫೋನ್ ಮಾರೋದಿದೆ. ಬರುವವರು ಒಳ್ಳೆಯವರೇ ಇರಬಹುದು. ಅವರ ಮುಖವನ್ನೂ ಅನುಮಾನದಿಂದಲೇ ನೋಡುತ್ತೇನಲ್ಲ, ಅದೇ ಜಾಸ್ತಿ ನೋವು.