ಟ್ರ್ಯಾಕ್ ಡೇಗೆ ಟೈರ್ ಕೇಳಿ ಬಂದವರ ಹತ್ತಿರ ನಾನು ಮೊದಲು ಕೇಳುವುದು

ಮಂಗಳೂರಿನ ಟೈರ್ ಅಂಗಡಿಯಲ್ಲಿ ಕೆಲಸ ಅಂದರೆ ದಿನವಿಡೀ ಪಂಕ್ಚರ್, ಅಲೈನ್‌ಮೆಂಟ್, ಬ್ಯಾಲೆನ್ಸಿಂಗ್. ಮಳೆಗಾಲ ಬಂದರೆ ಹೊಂಡಕ್ಕೆ ಬಿದ್ದು ಸೊಟ್ಟಗಾದ ರಿಮ್‌ಗಳ ಸಾಲು. ಇದರ ಮಧ್ಯೆ ಈಗೀಗ ಬೇರೆ ಥರದ ಗಿರಾಕಿಗಳೂ ಬರುತ್ತಾರೆ. ಹಳೇ ಪೋಲೋ ಅಥವಾ ಸ್ವಿಫ್ಟ್ ತಂದು ನಿಲ್ಲಿಸಿ, ಫೋನಲ್ಲಿ ಒಂದು ಫೋಟೋ ತೋರಿಸಿ, "ಟ್ರ್ಯಾಕ್ ಡೇಗೆ ಹೋಗ್ತಿದ್ದೇನೆ, ಹದಿನೇಳು ಇಂಚಿನ ಈ ವೀಲ್ ಬೇಕು, ಟೈರ್ ಯಾವುದು ಹಾಕ್ತೀರಿ?" ಅನ್ನುತ್ತಾರೆ. ಟ್ರ್ಯಾಕ್ ಡೇ ಅಂದರೆ ನಮ್ಮದೇ ಕಾರನ್ನು ರೇಸ್ ಟ್ರ್ಯಾಕಿನಲ್ಲಿ ಓಡಿಸಲು ಬಿಡುವ ದಿನ. ನಾನು ವೀಲಿನ ಸುದ್ದಿಗೇ ಹೋಗುವುದಿಲ್ಲ. ಮೊದಲು ಕೇಳುವುದು ಒಂದೇ: "ಕಾರು ಅಲ್ಲಿಗೆ ಹೇಗೆ ಹೋಗ್ತದೆ?"

ಲಾರಿಯಲ್ಲಿ ಹಾಕಿಕೊಂಡು ಹೋಗುವವರು ಕಡಿಮೆ. ಹೊಸಬರು ಓಡಿಸಿಕೊಂಡೇ ಹೋಗುವುದು. ನಮ್ಮ ಕಡೆ ರೇಸ್ ಟ್ರ್ಯಾಕ್ ಇಲ್ಲ ನೋಡಿ. ಕೊಯಮತ್ತೂರಿನ ಕಾರಿ ಸ್ಪೀಡ್‌ವೇ ಸುಮಾರು 400 ಕಿ.ಮೀ. ದೂರ. ಚೆನ್ನೈ ಹತ್ತಿರ ಇರುಂಗಾಟ್ಟುಕೋಟ್ಟೈ ಟ್ರ್ಯಾಕ್ ಅಂದರೆ ಶಿರಾಡಿ ಘಾಟಿ ಹತ್ತಿ, ಬೆಂಗಳೂರು ದಾಟಿ, ಹತ್ತಿರ ಹತ್ತಿರ 700 ಕಿ.ಮೀ. ಅಷ್ಟು ದೂರ ಹೋಗಿ, ಅದೇ ಟೈರಲ್ಲಿ ಟ್ರ್ಯಾಕ್ ಓಡಿಸಿ, ಅದೇ ಟೈರಲ್ಲಿ ಮನೆಗೆ ಬರಬೇಕು. ಟೈರ್ ಯಾವುದು ಅನ್ನುವುದು ಇಲ್ಲಿಗೇ ಅರ್ಧ ತೀರ್ಮಾನ ಆಯಿತು ಅಲ್ವಾ?

ಸೆಮಿ ಸ್ಲಿಕ್, ಅಂದರೆ ರೇಸ್ ಟೈರಿಗೆ ಹತ್ತಿರದ ಟೈರ್ ಬೇಕು ಅನ್ನುವವರಿಗೆ ನಾನು ಹೇಳುವುದು ಶಿರಾಡಿಯ ಮಳೆಯನ್ನು ನೆನಪಿಸಿಕೊಳ್ಳಿ ಅಂತ. ಆ ಟೈರಿನಲ್ಲಿ ನೀರು ಹೊರಹೋಗುವ ಗೀರುಗಳೇ ಕಡಿಮೆ, ರಬ್ಬರ್ ಮೆತ್ತಗೆ, ಬಿಸಿಯಾದ ಮೇಲೆಯೇ ಹಿಡಿತ ಬರುವುದು. ನಿಂತ ನೀರಲ್ಲಿ ಕಾರು ತೇಲಿದರೆ ಬ್ರೇಕ್ ಒತ್ತಿ ಎಂತ ಪ್ರಯೋಜನವೂ ಇಲ್ಲ. ಸಿಗುವುದೂ ಸುಲಭ ಇಲ್ಲ. 2020ರ ಜೂನ್‌ನಲ್ಲಿ ಹೊಸ ಟೈರಿನ ಆಮದಿಗೆ ಸರ್ಕಾರ ನಿರ್ಬಂಧ ಹಾಕಿದ ಮೇಲೆ ಚಿಕ್ಕ ಕಾರಿನ ಅಳತೆಯಲ್ಲಿ ಅಂಥ ಟೈರ್ ಹುಡುಕುವುದೇ ಒಂದು ಕೆಲಸ.

ಇನ್ನೊಂದು ಕಾರಣವೂ ಉಂಟು, ನನಗೆ ಅದೇ ಮುಖ್ಯ. ಸಾಧಾರಣ ರಸ್ತೆ ಟೈರ್ ಹಿಡಿತ ಬಿಡುವ ಮೊದಲು ಕಿರುಚುತ್ತದೆ. ಸ್ಟೀರಿಂಗ್ ಹಗುರ ಆಗುತ್ತದೆ, ಕಾರಿನ ಮೂತಿ ನಿಧಾನವಾಗಿ ಹೊರಗೆ ಜಾರುತ್ತದೆ. ಆಕ್ಸಿಲರೇಟರ್ ಸ್ವಲ್ಪ ಬಿಟ್ಟರೆ ಮತ್ತೆ ಹಿಡಿಯುತ್ತದೆ. ಹೆಚ್ಚು ಹಿಡಿತದ ಟೈರ್ ಅಷ್ಟೆಲ್ಲ ಮುನ್ಸೂಚನೆ ಕೊಡುವುದಿಲ್ಲ. ಬಿಡುವುದು ಜಾಸ್ತಿ ವೇಗದಲ್ಲಿ, ಅದೂ ಒಮ್ಮೆಲೇ. ಬ್ರೇಕ್ ಎಲ್ಲಿ ಹಾಕಬೇಕು ಅಂತಲೇ ಇನ್ನೂ ಗೊತ್ತಿಲ್ಲದವನಿಗೆ ಅದು ಯಾಕೆ?

ಹಾಗಾಗಿ ನಾನು ಹಾಕಿಕೊಡುವುದು ಕಂಪನಿಯ ಅಳತೆಯದ್ದೇ, ಒಳ್ಳೇ ರಸ್ತೆ ಟೈರ್, ನಾಲ್ಕೂ ಒಂದೇ ಮಾದರಿ. ಸ್ಪೀಡ್ ರೇಟಿಂಗ್ ಎಚ್ ಇರಲಿ, ಅಂದರೆ ಗಂಟೆಗೆ 210 ಕಿ.ಮೀ. ವೇಗದವರೆಗೆ. ವಿ ಸಿಕ್ಕರೆ 240, ಇನ್ನೂ ಒಳ್ಳೆಯದು. ಪಕ್ಕದಲ್ಲಿ ನಾಲ್ಕಂಕಿಯ ತಾರೀಕು ನೋಡಿ. 3224 ಅಂದರೆ 2024ರ 32ನೇ ವಾರ ತಯಾರಾದದ್ದು. ಗೀರು ಎಷ್ಟೇ ಆಳ ಇರಲಿ, ಐದಾರು ವರ್ಷ ಹಳೆಯದಾದರೆ ಟ್ರ್ಯಾಕಿಗೆ ಬೇಡ, ರಬ್ಬರ್ ಗಟ್ಟಿಯಾಗಿರುತ್ತದೆ. ಟ್ರೆಡ್‌ವೇರ್ ನಂಬರ್, ಅಂದರೆ ಟೈರ್ ಎಷ್ಟು ಬೇಗ ಸವೆಯುತ್ತದೆ ಅಂತ ಹೇಳುವ ನಂಬರ್ ಹಿಡಿದು ಚರ್ಚೆ ಮಾಡುವವರೂ ಇದ್ದಾರೆ. ಅದು ಕಂಪನಿಗಳು ತಾವೇ ಹಾಕಿಕೊಳ್ಳುವ ನಂಬರ್. ಒಂದು ಕಂಪನಿಯ 300ನ್ನು ಇನ್ನೊಂದರ 300ರ ಜೊತೆ ತೂಗಲು ಹೋಗಬೇಡಿ.

ಹದಿನೇಳು ಇಂಚು ಯಾಕೆ ಬೇಡ? ಪೋಲೋದ 185/60 ಆರ್15 ತೆಗೆದು 215/40 ಆರ್17 ಹಾಕಿದರೆ ಹೊರಗಿನ ಸುತ್ತಳತೆ ಹೆಚ್ಚುಕಡಿಮೆ ಅಷ್ಟೇ, ಸ್ಪೀಡೋಮೀಟರಿಗೂ ತೊಂದರೆ ಇಲ್ಲ. ಆದರೆ ಟೈರಿನ ಗೋಡೆ 111 ಮಿಲಿಮೀಟರ್ ಇದ್ದದ್ದು 86 ಆಗುತ್ತದೆ. ಆ 25 ಮಿಲಿಮೀಟರ್ ನಮ್ಮ ಹೆದ್ದಾರಿಯ ಹೊಂಡಕ್ಕೆ ಬೇಕು ಮಾರಾಯ್ರೇ! ಮೇಲಿಂದ ವೀಲಿನ ತೂಕವೂ ಹೆಚ್ಚು, ಟೈರಿನ ರೇಟೂ ಹೆಚ್ಚು.

ಅದಕ್ಕಿಂತ ಹೆದರಿಕೆ ಸೆಕೆಂಡ್ ಹ್ಯಾಂಡ್ ವೀಲಿನದ್ದು. ಒಬ್ಬರು ಒಂದು ಸೆಟ್ ತಂದಿದ್ದರು, ಕಪ್ಪು ಬಣ್ಣ ಹೊಡೆದು ಫಳಫಳ ಹೊಳೆಯುತ್ತಿತ್ತು. ಬ್ಯಾಲೆನ್ಸಿಂಗ್ ಮೆಷಿನ್ನಿಗೆ ಹಾಕಿ ತಿರುಗಿಸಿದರೆ ಒಳಗಿನ ಅಂಚು ಎದ್ದೆದ್ದು ಬೀಳುತ್ತಿತ್ತು. ನಿಲ್ಲಿಸಿ, ಒಳಬದಿಗೆ ಟಾರ್ಚ್ ಹಿಡಿದು ಬೆರಳು ಆಡಿಸಿದೆ. ಬಣ್ಣದ ಅಡಿಯಲ್ಲಿ ಬೆರಳುದ್ದದ ದಪ್ಪ ಗೆರೆ ಸಿಕ್ಕಿತು. ಬಿರುಕು ಬಿಟ್ಟದ್ದಕ್ಕೆ ಬೆಸುಗೆ ಹಾಕಿ, ಉಜ್ಜಿ, ಮೇಲೆ ಬಣ್ಣ ಹೊಡೆದದ್ದು. ಅಂಥ ವೀಲಿಗೆ ನಾನು ಟೈರ್ ಏರಿಸುವುದಿಲ್ಲ. ಅವರಿಗೆ ಸ್ವಲ್ಪ ಬೇಜಾರಾಯಿತು, ಆಗಲಿ.

ಕರಾವಳಿಯವರು ನೋಡಲೇಬೇಕಾದದ್ದು ಇನ್ನೊಂದು. ಉಳ್ಳಾಲ, ಸುರತ್ಕಲ್, ಮಲ್ಪೆ ಕಡೆಯ ಕಾರುಗಳ ಅಲಾಯ್ ವೀಲಿನಿಂದ ಟೈರ್ ಬಿಚ್ಚಿದರೆ, ಟೈರ್ ಕೂರುವ ಜಾಗದಲ್ಲಿ ಬಿಳಿ ಪುಡಿ ಎದ್ದಿರುತ್ತದೆ. ಉಪ್ಪು ಗಾಳಿಗೆ ಅಲ್ಯೂಮಿನಿಯಂ ತಿಂದುಹೋದದ್ದು. ಅದರ ಮೇಲೆಯೇ ಹೊಸ ಟೈರ್ ಕೂರಿಸಿದರೆ ಗಾಳಿ ನಿಧಾನ ಇಳಿಯುತ್ತಲೇ ಇರುತ್ತದೆ, ಪಂಕ್ಚರ್ ಮಾತ್ರ ಎಲ್ಲೂ ಕಾಣುವುದಿಲ್ಲ. ವೈರ್ ಬ್ರಷ್ಷಿನಲ್ಲಿ ಉಜ್ಜಿಸಿ, ಸೀಲರ್ ಹಚ್ಚಿಸಿಯೇ ಕೂರಿಸಿ.

ಹೊರಗಿನ ವೀಲ್, ಅಂದರೆ ಕಾರು ಕಂಪನಿಯದ್ದಲ್ಲದ್ದು ಹಾಕುವುದೇ ಆದರೆ ಬೋಲ್ಟ್ ನೋಡಿ. ಪೋಲೋದ ಕಂಪನಿ ಬೋಲ್ಟಿನ ಬುಡ ಉರುಟು, ಹೊರಗಿನ ವೀಲುಗಳಲ್ಲಿ ಹೆಚ್ಚಿನವಕ್ಕೆ ಶಂಕುವಿನಾಕಾರದ್ದು ಬೇಕು. ಅದಲು ಬದಲಾದರೆ ಬೋಲ್ಟ್ ಕೂರುವುದು ಒಂದು ಸಣ್ಣ ಅಂಚಿನ ಮೇಲೆ ಮಾತ್ರ, ಓಡುತ್ತಾ ಸಡಿಲ ಆಗುತ್ತದೆ. ವೀಲಿನ ನಡುವಿನ ತೂತು ಹಬ್ಬಿಗಿಂತ, ಅಂದರೆ ವೀಲ್ ಕೂರುವ ಕಾರಿನ ನಡುಭಾಗಕ್ಕಿಂತ ದೊಡ್ಡದಿದ್ದರೆ ಸಂದು ತುಂಬಲು ರಿಂಗ್ ಬೇಕು. ಪೋಲೋ ಹಬ್ 57.1 ಮಿಲಿಮೀಟರ್. ಪ್ಲಾಸ್ಟಿಕ್ ರಿಂಗ್ ಬ್ರೇಕಿನ ಬಿಸಿಗೆ ಮೆತ್ತಗಾಗಬಹುದು, ಅಲ್ಯೂಮಿನಿಯಂದೇ ತೆಗೆದುಕೊಳ್ಳಿ. ಗನ್ನಿನಲ್ಲಿ ಟರ್ರೆಂದು ಬಿಗಿಸಿ ಕಳಿಸಿದರೆ ಸಾಕಾಗುವುದಿಲ್ಲ. ಬಿಗಿತ ಅಳೆಯುವ ಟಾರ್ಕ್ ವ್ರೆಂಚಿನಲ್ಲಿ ಬಿಗಿಸಬೇಕು, ಪೋಲೋಕ್ಕೆ 120 ನ್ಯೂಟನ್ ಮೀಟರ್. ಟ್ರ್ಯಾಕಿನಲ್ಲಿ ಮೊದಲ ಸೆಷನ್ ಮುಗಿಸಿ ಬಂದು, ವೀಲ್ ತಣಿದ ಮೇಲೆ ಇನ್ನೊಮ್ಮೆ ನೋಡಿ.

ಗಾಳಿಯ ವಿಷಯ ಅಂಗಡಿಯಲ್ಲೇ ಹೇಳಿ ಕಳಿಸುತ್ತೇನೆ. ಟೈರ್ ಐದಾರು ಡಿಗ್ರಿ ಬಿಸಿಯಾದರೆ ಗಾಳಿಯ ಒತ್ತಡ ಸುಮಾರು ಒಂದು ಪಿಎಸ್‌ಐ (ಗೇಜಿನಲ್ಲಿ ಕಾಣುವ ಅಳತೆ) ಏರುತ್ತದೆ. ಬೆಳಿಗ್ಗೆ 32 ಇದ್ದದ್ದು ಕೆಲವೇ ಸುತ್ತಿಗೆ 38, 40 ಆಗಬಹುದು, ಹಿಡಿತ ಕಡಿಮೆಯಾಗುತ್ತದೆ. ಆಗ ಬಿಸಿಯಲ್ಲೇ ಸ್ವಲ್ಪ ಸ್ವಲ್ಪ ಇಳಿಸಬೇಕು. ಎಷ್ಟು ಅಂತ ತಿಳಿಯಲು ಟೈರಿನ ಅಂಚಿಗೆ ಅಡ್ಡವಾಗಿ ಸೀಮೆಸುಣ್ಣದ ಗೆರೆ ಎಳೆಯಿರಿ. ಅಂಚಿನಲ್ಲಿರುವ ಸಣ್ಣ ತ್ರಿಕೋನದ ಗುರುತು ದಾಟಿ ಸುಣ್ಣ ಅಳಿಸಿದ್ದರೆ ಗಾಳಿ ಕಡಿಮೆಯಾಯಿತು. ಗುರುತಿಗೆ ಎಷ್ಟೋ ಮೊದಲೇ ನಿಂತರೆ ಇನ್ನೂ ಜಾಸ್ತಿ ಉಂಟು. ನೈಟ್ರೋಜನ್ ತುಂಬಿಸಿದರೆ ಏರುವುದಿಲ್ಲ ಅನ್ನುವುದು ಸುಮ್ನೆ ಮಾತು, ಅದೂ ಬಿಸಿಗೆ ಏರುತ್ತದೆ.

ಸಂಜೆ ಮನೆಗೆ ಹೊರಡುವಾಗ ಈ ಇಳಿಸಿದ ಗಾಳಿಯನ್ನು ಮರೆಯುವವರೇ ಜಾಸ್ತಿ. ಟೈರ್ ತಣಿದ ಮೇಲೆ 25, 26ಕ್ಕೆ ಬಂದಿರುತ್ತದೆ. ನಾಲ್ಕು ಜನ, ಸಾಮಾನು, ರಾತ್ರಿ ಹೆದ್ದಾರಿ. ಗೋಡೆ ಮಡಚಿ ಮಡಚಿ ಬಿಸಿಯಾಗಿ ಟೈರ್ ಸಿಡಿಯಲು ಅಷ್ಟು ಸಾಕು. ಹಾಗಾಗಿ ಬಿಲ್ಲಿನ ಹಿಂದೆ ಕಂಪನಿ ಹೇಳಿದ ಗಾಳಿ ಎಷ್ಟು ಅಂತ ಬರೆದೇ ಕೊಡುತ್ತೇನೆ. ಡಿಕ್ಕಿಯಲ್ಲಿ ಸಣ್ಣ ಕಂಪ್ರೆಸರ್, ಒಳ್ಳೇ ಗೇಜ್ ಇರಲಿ. ಹದಿನೇಳು ಇಂಚಿನ ಆಸೆ ಬಿಟ್ಟದ್ದರಲ್ಲಿ ಉಳಿದ ಹಣಕ್ಕೆ ಇವೆರಡೂ ಬರುತ್ತವೆ, ಹೊಸ ಬ್ರೇಕ್ ಆಯಿಲ್, ಪ್ಯಾಡ್ ಕೂಡ.